ಗೆದ್ದವರು ಸಭೆಗೆ ಹೋದ ಮೇಲೆ

ಪುರಸಭೆಯ ಚುನಾವಣೆ ಮುಗಿದ ವಾರ ಪಟ್ಟಣದ ಹೋಟೆಲು, ಕಟ್ಟೆಗಳಲ್ಲಿ ಕೇಳಿಬರುವ ಮಾತೊಂದಿದೆ: "ನಮ್ಮೋರು ಗೆದ್ದಾಯ್ತಲ್ಲ, ಇನ್ನು ಆ ಚೀಫ್ ಆಫೀಸರನ್ನ ಎತ್ತಂಗಡಿ ಮಾಡಿ ಬೇರೆಯವರನ್ನ ಹಾಕ್ಕೋತಾರೆ." ಮೊದಲ ಸಲ ಮತ ಹಾಕಿದ ಹುಡುಗರೂ ಹೀಗೇ ನಂಬಿರುತ್ತಾರೆ. ಹಳ್ಳಿಯಿಂದ ಬಂದು ಪಟ್ಟಣದಲ್ಲಿ ಮನೆ ಮಾಡಿದವರೂ ನಂಬಿರುತ್ತಾರೆ. ಎಷ್ಟೋ ಸಲ ಹೊಸದಾಗಿ ಗೆದ್ದ ಸದಸ್ಯರೇ ನಂಬಿರುತ್ತಾರೆ. ಆರು ತಿಂಗಳಾದ ಮೇಲೆ ಅದೇ ಅಧಿಕಾರಿ ಅದೇ ಕುರ್ಚಿಯಲ್ಲಿ ಕೂತಿರುವುದನ್ನು ಕಂಡು, ಗೆದ್ದವರು ಕೈಲಾಗದವರು ಎಂದು ಜನ ಬೇಸರಪಟ್ಟುಕೊಳ್ಳುತ್ತಾರೆ. ಆ ಬೇಸರ ಪೂರ್ತಿ ನ್ಯಾಯವಾದದ್ದಲ್ಲ. ಕರ್ನಾಟಕದಲ್ಲಿ ನಾವು ಆರಿಸಿದ ಸಭೆಗೆ ತನ್ನ ಮುಖ್ಯ ಅಧಿಕಾರಿಯನ್ನು ನೇಮಿಸುವ ಅಧಿಕಾರವನ್ನೇ ಕಾನೂನು ಕೊಟ್ಟಿಲ್ಲ. ಕೊಟ್ಟಿರುವ ಅಧಿಕಾರ ಬೇರೆ ಥರದ್ದು. ಅದು ಸಣ್ಣದೂ ಅಲ್ಲ. ಅದೇನು, ಅದು ಯಾರ ಕೈಯಲ್ಲಿ, ಯಾವಾಗ ಶುರುವಾಗುತ್ತದೆ ಎಂಬುದನ್ನು ಹೊಸಬರಿಗಾಗಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಹೆಸರುಗಳು. ಜನಸಂಖ್ಯೆ 10 ಸಾವಿರದಿಂದ 20 ಸಾವಿರದವರೆಗೆ ಇದ್ದರೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರದವರೆಗೆ ಪುರಸಭೆ, ಅಲ್ಲಿಂದ 3 ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲಾದರೆ ಮಹಾನಗರ ಪಾಲಿಕೆ. ಮೊದಲ ಮೂರೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ನಡೆಯುತ್ತವೆ. ಬೆಂಗಳೂರು ಬಿಟ್ಟು ಉಳಿದ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆ ಇದೆ. ಆ ಪಾಲಿಕೆಗಳ ಮುಖ್ಯಸ್ಥರು ಮೇಯರ್, ಅವರ ಅವಧಿ ಒಂದೇ ವರ್ಷ. ಉಳಿದೆಡೆ ಅಧ್ಯಕ್ಷರು, ಅವರ ಅವಧಿ 30 ತಿಂಗಳು. ಹಾಗಾಗಿ ಐದು ವರ್ಷದ ಒಂದು ಪುರಸಭೆಯಲ್ಲಿ ಇಬ್ಬರು ಅಧ್ಯಕ್ಷರಾಗುತ್ತಾರೆ, ಪಾಲಿಕೆಯಲ್ಲಿ ಐವರು ಮೇಯರ್‌ಗಳಾಗುತ್ತಾರೆ. ಒಂದು ವರ್ಷದಲ್ಲಿ ಒಬ್ಬ ಮೇಯರ್ ಕಡತಗಳ ಪರಿಚಯ ಮಾಡಿಕೊಂಡು, ಒಂದು ಬಜೆಟ್ ನೋಡುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಈ ಒಂದು ವರ್ಷದ ನಿಯಮ ನಮ್ಮ ದೊಡ್ಡ ನಗರಗಳನ್ನು ತುಂಬಾ ಬಡವಾಗಿಸಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಮುಖ್ಯವಾದ ಸಂಗತಿಗೆ ಬರೋಣ. ಫಲಿತಾಂಶ ಬಂದ ದಿನವೇ ಸಭೆ ಅಧಿಕಾರಕ್ಕೆ ಬಂತು ಎಂದು ತಿಳಿಯಬೇಡಿ. ಗೆದ್ದವರ ಕೈಗೆ ಪ್ರಮಾಣಪತ್ರ ಬರುತ್ತದೆ, ಹಾರ ಬೀಳುತ್ತದೆ, ಮೆರವಣಿಗೆ ಆಗುತ್ತದೆ. ಸಭೆ ಮಾತ್ರ ಹುಟ್ಟಿರುವುದಿಲ್ಲ. ಸಂವಿಧಾನದ 243ಯು ವಿಧಿಯ ಪ್ರಕಾರ ಪೌರಸಂಸ್ಥೆಯ ಐದು ವರ್ಷ ಶುರುವಾಗುವುದು ಅದರ ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ. ಆ ಮೊದಲ ಸಭೆ ಅಧ್ಯಕ್ಷರನ್ನೋ ಮೇಯರನ್ನೋ ಆರಿಸುವ ಸಭೆ. ಅದನ್ನು ಕರೆಯಬೇಕಾದರೆ ಆ ಸ್ಥಾನ ಈ ಸಲ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ರಾಜ್ಯ ಸರ್ಕಾರ ಮೊದಲೇ ಪ್ರಕಟಿಸಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆ, ಸಾಮಾನ್ಯ ಎಂದು ಈ ಮೀಸಲಾತಿ ಊರಿಂದೂರಿಗೆ ಸುತ್ತುತ್ತಿರುತ್ತದೆ. ಪಟ್ಟಿ ಬಂದ ಮೇಲೆ ಯಾರಾದರೂ ನ್ಯಾಯಾಲಯಕ್ಕೆ ಹೋಗುತ್ತಾರೆ. ಪಟ್ಟಿ ನಿಂತರೆ ಎಲ್ಲವೂ ನಿಂತಂತೆ.

ಇದು ಬಾಯಿಮಾತಿನ ಆತಂಕವಲ್ಲ. 2018ರ ಆಗಸ್ಟ್ 31ರಂದು ರಾಜ್ಯದ 105 ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು, ಸೆಪ್ಟೆಂಬರ್ 3ಕ್ಕೆ ಫಲಿತಾಂಶ ಬಂತು. ಅವುಗಳಲ್ಲಿ ಮೂರು ಪಾಲಿಕೆಗಳು. ಉಳಿದ ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಬಹುಪಾಲಿಗೆ ಅಧ್ಯಕ್ಷರು ಸಿಕ್ಕಿದ್ದು 2020ರ ಕೊನೆಯ ತಿಂಗಳುಗಳಲ್ಲಿ. ಎರಡು ವರ್ಷ ಗೆದ್ದವರು ಮನೆಯಲ್ಲೇ ಕೂತಿದ್ದರು. ಆ ಎರಡು ವರ್ಷದಲ್ಲೇ ಕೊರೊನಾದ ಮೊದಲ ಅಲೆಯೂ ಬಂದುಹೋಯಿತು. ವಾರ್ಡಿನ ಜನ ಸದಸ್ಯರ ಮನೆ ಬಾಗಿಲಿಗೆ ಹೋದರು, ಸದಸ್ಯರ ಕೈಯಲ್ಲಿ ಸಭೆಯೇ ಇರಲಿಲ್ಲ. ಮೊದಲ 30 ತಿಂಗಳು ಮುಗಿದ ಮೇಲೂ ಅದೇ ಕತೆ: ಎರಡನೇ ಅವಧಿಯ ಮೀಸಲಾತಿ ಪ್ರಕಟವಾಗಿದ್ದು 2024ರ ಆಗಸ್ಟ್‌ನಲ್ಲಿ.

ದೊಡ್ಡ ನಗರಗಳೂ ಇದರಿಂದ ಪಾರಾಗಲಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಈ ಮೂರೂ ಪಾಲಿಕೆಗಳಿಗೆ 2021ರ ಸೆಪ್ಟೆಂಬರ್ 3ರಂದು ಒಟ್ಟಿಗೆ ಚುನಾವಣೆಯಾಯಿತು. ಹುಬ್ಬಳ್ಳಿ-ಧಾರವಾಡದ 82 ಸದಸ್ಯರು ಮೇಯರನ್ನು ಆರಿಸಿದ್ದು 2022ರ ಮೇ ಕೊನೆಯಲ್ಲಿ. ಬೆಳಗಾವಿಯ 58 ಸದಸ್ಯರಿಗೆ ಆ ದಿನ ಬಂದದ್ದು 2023ರ ಫೆಬ್ರುವರಿಯಲ್ಲಿ, ಕಲಬುರಗಿಯ 55 ಸದಸ್ಯರಿಗೆ ಅದೇ ವರ್ಷದ ಮಾರ್ಚ್‌ನಲ್ಲಿ. ಒಂದೇ ದಿನ ಮತ ಹಾಕಿದ ಮೂರು ಊರುಗಳು ಮೂರು ಬೇರೆ ಬೇರೆ ತಿಂಗಳುಗಳಲ್ಲಿ ಸಭೆ ಕಂಡವು. ಐದು ವರ್ಷದ ಲೆಕ್ಕ ಮೊದಲ ಸಭೆಯಿಂದಲೇ ಆದ್ದರಿಂದ ಸದಸ್ಯರ ಅವಧಿಯೇನೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಊರಿನ ಆಯುಸ್ಸು. ಒಂದೂವರೆ ವರ್ಷ ಊರಿನ ಪರವಾಗಿ ಕೇಳುವವರಿಲ್ಲದೆ ಕಳೆಯುತ್ತದೆ.

ಅಂಥ ಹೊತ್ತಿನಲ್ಲಿ ಊರನ್ನು ನಡೆಸುವವರು ಆಡಳಿತಾಧಿಕಾರಿ. ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರ್, ಪ್ರಾದೇಶಿಕ ಆಯುಕ್ತರು ಹೀಗೆ ಸಂಸ್ಥೆಯ ಗಾತ್ರಕ್ಕೆ ತಕ್ಕಂತೆ ಯಾರಾದರೂ ಒಬ್ಬರು. ಸಭೆ ಮಾಡಬೇಕಾದ ತೀರ್ಮಾನಗಳನ್ನು ಅವರೊಬ್ಬರೇ ಸಹಿ ಹಾಕಿ ಮಾಡುತ್ತಾರೆ. ಅವರಲ್ಲಿ ದಕ್ಷರೂ ಇರುತ್ತಾರೆ, ಊರಿಗೆ ಒಳ್ಳೆಯದು ಮಾಡಿದವರೂ ಇದ್ದಾರೆ. ಆದರೆ ತಾಲ್ಲೂಕಿನ ನೂರು ಕೆಲಸದ ಜೊತೆ ಇದು ನೂರೊಂದನೆಯದು. ಅದೂ ಅಲ್ಲದೆ, ಅವರ ತೀರ್ಮಾನವನ್ನು ಸಭೆಯಲ್ಲಿ ಎದ್ದುನಿಂತು ಪ್ರಶ್ನಿಸುವ ಸದಸ್ಯ ಒಬ್ಬನೂ ಇರುವುದಿಲ್ಲ.

ಸರಿ, ಮೊದಲ ಸಭೆಯ ದಿನ ಬಂತು ಎಂದುಕೊಳ್ಳಿ. ಪಾಲಿಕೆಯಾದರೆ ಪ್ರಾದೇಶಿಕ ಆಯುಕ್ತರು ಬಂದು ಸದಸ್ಯರಿಗೆ ಪ್ರಮಾಣವಚನ ಬೋಧಿಸಿ ಮೇಯರ್ ಚುನಾವಣೆ ನಡೆಸುತ್ತಾರೆ. ಪುರಸಭೆ, ನಗರಸಭೆಗಳಲ್ಲಿ ತಹಶೀಲ್ದಾರರೋ ಉಪವಿಭಾಗಾಧಿಕಾರಿಯೋ ಚುನಾವಣಾಧಿಕಾರಿ. ಗುಟ್ಟಿನ ಮತಪೆಟ್ಟಿಗೆ ಇಲ್ಲಿಲ್ಲ. ಕೈ ಎತ್ತಿ ಮತ ಹಾಕಬೇಕು. ಯಾರು ಯಾರ ಪರ ಕೈ ಎತ್ತಿದರು ಎಂಬುದು ಬರಹಕ್ಕೆ ಇಳಿಯುತ್ತದೆ. ಪಕ್ಷ ವಿಪ್ ಕೊಟ್ಟಿದ್ದು, ಅದಕ್ಕೆ ವಿರುದ್ಧ ಕೈ ಎತ್ತಿದ ಸದಸ್ಯರ ಸದಸ್ಯತ್ವವೇ ಹೋಗಬಹುದು. ಸ್ಥಳೀಯ ಸಂಸ್ಥೆಗಳಿಗೆಂದೇ 1987ರ ಪಕ್ಷಾಂತರ ನಿಷೇಧ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಮತ ಹಾಕುವವರಲ್ಲಿ ಇನ್ನೂ ಕೆಲವರಿದ್ದಾರೆ, ಇದು ಹೊಸಬರಿಗೆ ಆಶ್ಚರ್ಯ ತರುತ್ತದೆ: ಆ ಊರನ್ನು ಒಳಗೊಂಡ ಕ್ಷೇತ್ರದ ಶಾಸಕರು, ಸಂಸದರು, ಅಲ್ಲಿ ಮತದಾರರಾಗಿ ಹೆಸರಿರುವ ವಿಧಾನ ಪರಿಷತ್ ಮತ್ತು ರಾಜ್ಯಸಭಾ ಸದಸ್ಯರು. ಬಲಾಬಲ ಸಮ ಸಮ ಇದ್ದ ಸಣ್ಣ ಪುರಸಭೆಯಲ್ಲಿ ಶಾಸಕರ ಒಂದು ಕೈ ಅಧ್ಯಕ್ಷರು ಯಾರೆಂಬುದನ್ನೇ ತೀರ್ಮಾನಿಸಿಬಿಡುತ್ತದೆ. ಸರ್ಕಾರ ನಾಮನಿರ್ದೇಶನ ಮಾಡಿ ಕಳಿಸುವ ಸದಸ್ಯರೂ ಸಭೆಯಲ್ಲಿ ಕೂರುತ್ತಾರೆ, ಮಾತಾಡುತ್ತಾರೆ, ಮತ ಹಾಕುವಂತಿಲ್ಲ.

ಈ ಸಭೆಯಲ್ಲಿ ಮಹಿಳೆಯರು ಎಷ್ಟು ಜನ ಕೂತಿದ್ದಾರೆ ನೋಡಿ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಮೂರನೇ ಒಂದರಷ್ಟು ಸ್ಥಾನ ಅವರಿಗೆ ಮೀಸಲಿಡಿ ಎಂದಿತ್ತು. ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಕೆಲವು ಕಡೆ ಸದಸ್ಯೆಯ ಬದಲು ಗಂಡ ಬಂದು ಮಾತಾಡುವ ರೂಢಿ ಇನ್ನೂ ಇದೆ. ಅದಕ್ಕೆ ಕಾನೂನಿನಲ್ಲಿ ಎಳ್ಳಷ್ಟೂ ಜಾಗವಿಲ್ಲ. ಮತ ಹಾಕಿದ ನಾವು, ದೂರವಾಣಿಯಲ್ಲಿ ಗಂಡ ಸಿಕ್ಕಿದರೂ "ಮೇಡಂ ಅವರಿಗೆ ಕೊಡಿ" ಎಂದು ಕೇಳಬೇಕು.

ಅಧ್ಯಕ್ಷರಾದರು, ಕುರ್ಚಿ ಏರಿದರು. ಇನ್ನು ನೇಮಕದ ಮಾತು. ನ್ಯೂಯಾರ್ಕಿನಂಥ ನಗರದಲ್ಲಿ ಹೊಸ ಮೇಯರ್ ಬಂದರೆ ಪೊಲೀಸ್ ಕಮಿಷನರ್‌ರಿಂದ ಹಿಡಿದು ಇಲಾಖೆಗಳ ಮುಖ್ಯಸ್ಥರವರೆಗೆ ತಾನೇ ಹೆಸರು ಹೇಳಿ ನೇಮಿಸುತ್ತಾರೆ. ಕೋಲ್ಕತ್ತದಲ್ಲಿ ಮೇಯರ್ ಸದಸ್ಯರಲ್ಲೇ ಕೆಲವರನ್ನು ಆರಿಸಿ ಖಾತೆ ಹಂಚಿ, ಸಣ್ಣ ಸಂಪುಟದಂತೆ ನಗರ ನಡೆಸುತ್ತಾರೆ. ಅಲ್ಲಿರುವ ನಮ್ಮ ಬಂಧುಗಳಿಂದ ಇಂಥವನ್ನು ಕೇಳಿದವರು ಇಲ್ಲೂ ಹಾಗೇ ಎಂದುಕೊಳ್ಳುವುದು ಸಹಜ. ನಮ್ಮಲ್ಲಿ ಪಾಲಿಕೆಗೆ ಆಯುಕ್ತರನ್ನು, ನಗರಸಭೆಗೆ ಪೌರಾಯುಕ್ತರನ್ನು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗೆ ಮುಖ್ಯಾಧಿಕಾರಿಯನ್ನು ನೇಮಿಸುವುದು ರಾಜ್ಯ ಸರ್ಕಾರ. ವರ್ಗ ಮಾಡುವುದೂ ಸರ್ಕಾರವೇ. ಸಂಬಳ, ಬಡ್ತಿ, ಶಿಸ್ತುಕ್ರಮ ಎಲ್ಲವೂ ಮೇಲಿನಿಂದ. ಪುರಸಭೆಗಳ ಮಟ್ಟದಲ್ಲಿ ಇದರ ಮೇಲ್ವಿಚಾರಣೆ ಪೌರಾಡಳಿತ ನಿರ್ದೇಶನಾಲಯದ್ದು.

ಸರ್ಕಾರಿ ಶಾಲೆಯ ಎಸ್‌ಡಿಎಂಸಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮುಖ್ಯೋಪಾಧ್ಯಾಯರನ್ನು ಇಲಾಖೆ ಕಳಿಸುತ್ತದೆ, ಸಮಿತಿ ಆರಿಸುವುದಿಲ್ಲ. ಹಾಗೆಂದು ಸಮಿತಿ ಬಡವಲ್ಲ. ಎಚ್ಚರವಾಗಿರುವ ಸಮಿತಿ ಇರುವ ಶಾಲೆಯೇ ಬೇರೆ ಥರ ಇರುತ್ತದೆ.

ಮುಖ್ಯಾಧಿಕಾರಿಯ ಕೆಳಗೆ ಕೆಲಸ ಮಾಡುವವರ ಪರಿಚಯವೂ ಇರಲಿ. ರಸ್ತೆ, ಚರಂಡಿ, ಕಟ್ಟಡ ಪರವಾನಗಿಯ ಕಾಗದ ಎಂಜಿನಿಯರ್ ಮೇಜಿಗೆ ಹೋಗುತ್ತದೆ. ಕಸದ ವಿಲೇವಾರಿಗೆ ಪರಿಸರ ಎಂಜಿನಿಯರ್, ಹೋಟೆಲು-ಅಂಗಡಿ ಪರವಾನಗಿ ಮತ್ತು ನೈರ್ಮಲ್ಯಕ್ಕೆ ಆರೋಗ್ಯ ನಿರೀಕ್ಷಕರು. ಖಾತೆ ಬದಲಾವಣೆ, ಮನೆ ಕಂದಾಯಕ್ಕೆ ಕಂದಾಯ ವಿಭಾಗ, ಮನೆಮನೆಗೆ ಬರುವವರು ಬಿಲ್ ಕಲೆಕ್ಟರ್. ನಿಮ್ಮ ಬೀದಿಗೆ ನೀರು ಬಿಡುವುದು ವಾಲ್‌ಮನ್. ಎಷ್ಟೋ ಮನೆಗಳ ಪಾಲಿಗೆ ಅಧ್ಯಕ್ಷರಿಗಿಂತ ಅವರೇ ದೊಡ್ಡವರು. ಇವರಲ್ಲಿ ಅನೇಕರು ಪ್ರಭಾರದಲ್ಲಿರುತ್ತಾರೆ, ಎರಡು ಊರು ನೋಡಿಕೊಳ್ಳುತ್ತಿರುತ್ತಾರೆ, ಕೆಲವು ಹುದ್ದೆಗಳು ಖಾಲಿಯೇ ಇರುತ್ತವೆ. "ಈ ಸಲ ಯಾವ ಅಧಿಕಾರಿ ಬರುತ್ತಾರೆ" ಎಂದು ಕೇಳುವ ಮುಂಚೆ "ನಮ್ಮಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದು ಎಷ್ಟು" ಎಂದು ಹೊಸ ಸದಸ್ಯರು ಮೊದಲ ತಿಂಗಳಲ್ಲೇ ಕೇಳಿ ಬರಹದಲ್ಲಿ ಉತ್ತರ ಪಡೆಯಬೇಕು. ಆ ಒಂದು ಹಾಳೆ ಅವರ ಐದು ವರ್ಷದ ಎಷ್ಟೋ ಜಗಳಗಳಿಗೆ ಕಾರಣ ತೋರಿಸುತ್ತದೆ.

ಪೌರಕಾರ್ಮಿಕರ ವಿಷಯವನ್ನು ಮಾತ್ರ ಸ್ವಲ್ಪ ನಿಂತು ಹೇಳಬೇಕು. 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬುದು ಸರ್ಕಾರದ ಅಳತೆ. ನಿಮ್ಮ ಊರಿನ ಜನಸಂಖ್ಯೆ 35 ಸಾವಿರವಾದರೆ 50 ಜನ ಬೇಕು. ಇದ್ದಾರೆಯೇ ಎಂದು ಎಣಿಸಿ ನೋಡಿ. ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿದವರು 2022ರಲ್ಲಿ ಕಸಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದ ಮೇಲೆ, ಸಾವಿರಾರು ಜನರನ್ನು ಕಾಯಂ ಮಾಡುವ ತೀರ್ಮಾನ ಬಂತು. ಅವರ ನೇಮಕವೂ ಪುರಸಭೆಯ ಸಭಾಂಗಣದಲ್ಲಿ ನಡೆಯುವುದಿಲ್ಲ, ಜಿಲ್ಲಾಡಳಿತದ ಮೂಲಕವೇ ಆಗುತ್ತದೆ. ಆದರೆ ಅವರಿಗೆ ಕೈಗವಸು, ಬೂಟು, ಬೆಳಗಿನ ಉಪಾಹಾರ, ಆರೋಗ್ಯ ತಪಾಸಣೆ ಸರಿಯಾಗಿ ಸಿಗುತ್ತಿದೆಯೇ ಎಂದು ಪ್ರತಿ ತಿಂಗಳು ಕೇಳುವ ಅಧಿಕಾರ ಸದಸ್ಯರಿಗಿದೆ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದಂದು ಸನ್ಮಾನ ಮಾಡಿ ಉಳಿದ ದಿನ ಮರೆಯುವ ಸಭೆಯನ್ನು ನಾನು ಒಳ್ಳೆಯ ಸಭೆ ಎನ್ನಲಾರೆ.

ಹಾಗಾದರೆ ಸಭೆ ಆರಿಸುವುದು ಯಾರನ್ನು? ಸ್ಥಾಯಿ ಸಮಿತಿಗಳನ್ನು. ಪಾಲಿಕೆಗಳಲ್ಲಿ ಇಂಥವು ನಾಲ್ಕು: ತೆರಿಗೆ, ಹಣಕಾಸು ಮತ್ತು ಅಪೀಲು; ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ; ಪಟ್ಟಣ ಯೋಜನೆ ಮತ್ತು ಅಭಿವೃದ್ಧಿ; ಲೆಕ್ಕಪತ್ರ. ಒಂದೊಂದರಲ್ಲಿ ಏಳು ಸದಸ್ಯರು, ಅವಧಿ ಒಂದು ವರ್ಷ. ಪಾಲಿಕೆಯ ಬಜೆಟ್ ಮಂಡಿಸುವವರು ಮೇಯರ್ ಅಲ್ಲ, ತೆರಿಗೆ ಮತ್ತು ಹಣಕಾಸು ಸಮಿತಿಯ ಅಧ್ಯಕ್ಷರು. ಪುರಸಭೆ, ನಗರಸಭೆಗಳಲ್ಲಿ ಆ ಕೆಲಸ ಅಧ್ಯಕ್ಷರದ್ದು. ಮೇಯರ್ ಯಾರಾದರು ಎಂದು ಪತ್ರಿಕೆಗಳು ಮುಖಪುಟದಲ್ಲಿ ಬರೆಯುತ್ತವೆ, ಲೆಕ್ಕಪತ್ರ ಸಮಿತಿಗೆ ಯಾರು ಹೋದರು ಎಂಬುದು ಒಳಪುಟದ ಎರಡು ಸಾಲು. ನನ್ನನ್ನು ಕೇಳಿದರೆ ಆ ಎರಡು ಸಾಲನ್ನು ಕತ್ತರಿಸಿಟ್ಟುಕೊಳ್ಳಿ. ಖರ್ಚಾದ ಹಣದ ಆಡಿಟ್ ಆಕ್ಷೇಪಣೆಗಳು ಬರುವುದು ಆ ಸಮಿತಿಯ ಮುಂದೆ.

ಹಣದ ವಿಷಯದಲ್ಲಿ ಸಭೆಯ ಮಾತಿಗೆ ತೂಕವಿದೆ. ಸಭೆಯ ಒಪ್ಪಿಗೆ ಇಲ್ಲದೆ ಬಜೆಟ್ ಇಲ್ಲ, ಕ್ರಿಯಾ ಯೋಜನೆ ಇಲ್ಲ. ಹಣ ಬರುವುದು ಮನೆ ಕಂದಾಯ, ನೀರಿನ ಕರ, ಪರವಾನಗಿ ಶುಲ್ಕ, ಮಳಿಗೆಗಳ ಬಾಡಿಗೆಯಿಂದ; ಜೊತೆಗೆ ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ. ಖರ್ಚಿನಲ್ಲಿ ಕೆಲವು ಪಾಲುಗಳು ಮೊದಲೇ ಗುರುತಾಗಿವೆ: ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ. ಈ ಮೂರು ಸಂಖ್ಯೆಗಳನ್ನು ಹೊಸ ಸದಸ್ಯರು ಬಾಯಿಪಾಠ ಮಾಡಬೇಕು ಎಂದು ನಾನು ಪ್ರತಿ ಸಲ ಹೇಳುತ್ತೇನೆ. ಬಡವರ ಮನೆಯ ಮಗುವಿನ ವಿದ್ಯಾರ್ಥಿವೇತನ, ನಡೆಯಲಾಗದವರ ತ್ರಿಚಕ್ರ ವಾಹನ ಈ ಲೆಕ್ಕದಿಂದಲೇ ಬರಬೇಕು. ವರ್ಷ ಮುಗಿಯುವಾಗ ಆ ಹಣ ಖರ್ಚಾಗದೆ ಉಳಿದರೆ, ಉಳಿತಾಯವೆಂದು ಹೆಮ್ಮೆಪಡುವ ಹಾಗಿಲ್ಲ.

ಸಭೆಯ ತೀರ್ಮಾನಕ್ಕೂ ಮೇಲೆ ಒಂದು ಕಣ್ಣಿರುತ್ತದೆ. ಪುರಸಭೆಯ ಠರಾವು ಕಾನೂನಿಗೆ ವಿರುದ್ಧವಿದೆ ಅನ್ನಿಸಿದರೆ ಜಿಲ್ಲಾಧಿಕಾರಿ ಅದನ್ನು ತಡೆಹಿಡಿಯಬಹುದು. ಇನ್ನು ಕೆಲವು ಕೆಲಸಗಳು ಸಭೆಯ ಕೈಯಲ್ಲೇ ಇಲ್ಲ. 74ನೇ ತಿದ್ದುಪಡಿ 12ನೇ ಅನುಸೂಚಿಯಲ್ಲಿ 18 ಕೆಲಸಗಳನ್ನು ಪಟ್ಟಿಮಾಡಿತು. ಅಗ್ನಿಶಾಮಕ ಸೇವೆಯೂ ಅದರಲ್ಲಿದೆ, ನಮ್ಮಲ್ಲಿ ಅದು ರಾಜ್ಯದ ಇಲಾಖೆ. ಹೊಸ ಬಡಾವಣೆಯ ನಕ್ಷೆ ಬಹುಪಾಲು ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ. ದೊಡ್ಡ ನೀರಿನ ಯೋಜನೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದ್ದು. ಪೈಪು ಹಾಕಲು ಅಗೆದ ರಸ್ತೆಯನ್ನು ಮುಚ್ಚಿಲ್ಲವೆಂದು ಜನ ಸದಸ್ಯರನ್ನು ಬಯ್ಯುತ್ತಾರೆ. ಅಗೆದವರು ಬೇರೆ ಸಂಸ್ಥೆಯವರಾಗಿರುತ್ತಾರೆ. ಸದಸ್ಯರು ಆಗ "ನನಗೆ ಸಂಬಂಧವಿಲ್ಲ" ಎನ್ನದೆ ಆ ಸಂಸ್ಥೆಯ ಎಂಜಿನಿಯರನ್ನು ಸಾಮಾನ್ಯ ಸಭೆಗೆ ಕರೆಸಿ ಎಂದು ಒತ್ತಾಯಿಸಿದರೆ ಊರಿಗೆ ಉಪಯೋಗ.

ಬೆಂಗಳೂರಿನ ಉದಾಹರಣೆ ಈ ಪಾಠವನ್ನು ಇನ್ನೂ ಸ್ಪಷ್ಟಮಾಡುತ್ತದೆ. ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಹೊಸ ಚುನಾವಣೆ ಆಗಲಿಲ್ಲ. ಐದು ವರ್ಷದ ನಂತರ, 2025ರ ಸೆಪ್ಟೆಂಬರ್ 2ರಂದು, ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಹುಟ್ಟಿದವು. ಒಂದೊಂದಕ್ಕೂ ಸರ್ಕಾರ ಆಯುಕ್ತರನ್ನು ನೇಮಿಸಿತು, ಕಚೇರಿಗಳು ತೆರೆದವು, ಕೆಲಸ ಶುರುವಾಯಿತು. ಆ ದಿನ ಒಂದರಲ್ಲೂ ಚುನಾಯಿತ ಸದಸ್ಯರು ಒಬ್ಬರೂ ಇರಲಿಲ್ಲ. ಅಧಿಕಾರಿಗಳಿಲ್ಲದ ಪಾಲಿಕೆಯನ್ನು ನಾವು ಊಹಿಸಲಾರೆವು. ಸದಸ್ಯರಿಲ್ಲದ ಪಾಲಿಕೆಗೆ ಒಗ್ಗಿಹೋಗಿದ್ದೇವೆ, ಮತ್ತು ಇದು ನನಗೆ ಬಹಳ ನೋವಿನ ಸಂಗತಿ. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನ ಹೇಳುತ್ತದೆ. 2006ರಲ್ಲಿ ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು.

ನಿಮ್ಮ ಊರಿನಲ್ಲಿ ಸಭೆ ಇದ್ದರೆ, ಅದು ತಿಂಗಳಿಗೊಮ್ಮೆ ಸೇರಬೇಕು. ಸೇರುವ ಮುಂಚೆ ಕಾರ್ಯಸೂಚಿ ಸದಸ್ಯರ ಕೈಸೇರುತ್ತದೆ. ನಿಮ್ಮ ವಾರ್ಡಿನ ಸದಸ್ಯರ ಬಳಿ ಅದನ್ನು ನೋಡಲು ಕೇಳಿ. ನಿಮ್ಮ ಬೀದಿಯ ದೂರನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಅಧ್ಯಕ್ಷರ ಹೆಸರಿಗೆ ಒಂದು, ಮುಖ್ಯಾಧಿಕಾರಿಯ ಹೆಸರಿಗೆ ಒಂದು ಅರ್ಜಿ ಬರೆದು, ಟಪಾಲಿನಲ್ಲಿ ಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಸಭೆ ಮುಗಿದ ಮೇಲೆ ನಡವಳಿ ಬರೆಯುತ್ತಾರೆ. ಯಾರು ಏನು ಕೇಳಿದರು, ಯಾವ ಠರಾವು ಆಯಿತು, ಯಾರು ವಿರೋಧಿಸಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಮಾಹಿತಿ ಹಕ್ಕು ಅರ್ಜಿ ಹಾಕಿ, 10 ರೂಪಾಯಿ ಶುಲ್ಕ ಕಟ್ಟಿ ಅದರ ಪ್ರತಿ ಕೇಳಬಹುದು. ಒಂದು ವರ್ಷದ ನಡವಳಿಗಳನ್ನು ಒಟ್ಟಿಗೆ ಓದಿದರೆ, ನಿಮ್ಮ ವಾರ್ಡಿನ ಹೆಸರು ಎಷ್ಟು ಸಲ ಬಂದಿದೆ ಎಂಬುದು ತಾನೇ ತಿಳಿಯುತ್ತದೆ.

ಇನ್ನೊಂದು ಸಭೆಯನ್ನೂ ನೆನಪಿಡಿ. ಮುಂದಿನ ವರ್ಷದ ಬಜೆಟ್ ತಯಾರಿಸುವ ಮುಂಚೆ, ಸಾಮಾನ್ಯವಾಗಿ ಚಳಿಗಾಲದ ತಿಂಗಳುಗಳಲ್ಲಿ, ಆಯವ್ಯಯದ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತಾರೆ. ಕಚೇರಿಯ ಸೂಚನಾ ಫಲಕದಲ್ಲೋ ಪತ್ರಿಕೆಯ ಮೂಲೆಯಲ್ಲೋ ಪ್ರಕಟಣೆ ಇರುತ್ತದೆ. ಬರುವವರು ಕೆಲವೇ ಮಂದಿ, ಕುರ್ಚಿಗಳು ಖಾಲಿ ಇರುತ್ತವೆ. ಅಧ್ಯಕ್ಷರೂ ಮುಖ್ಯಾಧಿಕಾರಿಯೂ ಅಂದು ಒಂದೇ ಮೇಜಿನ ಹಿಂದೆ ಕೂತಿರುತ್ತಾರೆ. ಬೇಕಾದ್ದನ್ನು ಬರೆದ ಹಾಳೆ ಹಿಡಿದುಕೊಂಡು ಹೋಗಿ, ಇಬ್ಬರ ಎದುರೂ ಓದಿ ಹೇಳಿ, ನಿಮ್ಮ ಸಲಹೆಯನ್ನು ಪುಸ್ತಕದಲ್ಲಿ ದಾಖಲಿಸುವವರೆಗೆ ಅಲ್ಲೇ ಇರಿ.